ಕರ್ಣನ ಶಕ್ತಿ, ಹಿಡಿಂಬೆಯ ಮಗ°

ದೊಡ್ಡರಜೆಲಿ ತಮ್ಮನ ಮಗ° ಬೆಂಗ್ಳೂರಿಂದ ಚಾರ್ಮಾಡಿಗೆ ಬಂದು ಹದಿನೈದು ದಿನ ಇತ್ತಿದ್ದ°. ಹನ್ನೆರಡು ವರ್ಷದ ಮಾಣಿ. ಉದಿಯಪ್ಪಗ ದೋಸೆ ತಿಂದಿಕ್ಕಿ ಮೊಬೈಲು ಹಿಡ್ಕೊಂಡು ಜೆಗಿಲಿಲಿ ಕೂದರೆ ಉಂಬಲೆ ದಿನಿಗೇಳುವನ್ನಾರ ಏಳುಲಿಲ್ಲೆ. "ಎಂತರ ಮಾಣಿ ಅಷ್ಟು ನೋಡುದು?" ಕೇಳಿದೆ. "ಈಟಿ ಅತ್ತೆ. ಇದಕ್ಕೆ ಹೆಸರಿದ್ದು. ಬಾಕಿ ಈಟಿಗಳ ಹಾಂಗಲ್ಲ ಇದು" ಹೇಳಿದ°.

ಎನಗೆ ನೆಗೆ ಬಂತು. ಎಂಗಳ ಹಟ್ಟಿಲಿ ದನಗೊಕ್ಕೆ ಹೆಸರಿದ್ದು, ತೋಟದ ಒಂದೊಂದು ತುಂಡಿಂಗೂ ಹೆಸರಿದ್ದು. ದಿನ ಉದಿಯಾದರೆ ಕೈಗೆ ಸಿಕ್ಕುವ ಮೆಟ್ಟುಕತ್ತಿಗೆ ಹೆಸರಿಲ್ಲೆ. ಅಡಕ್ಕೆ ಕೊಯ್ವ ದೋಟಿ ಯೇವ ಈಟಿಂದಲೂ ಉದ್ದ ಇದ್ದು, ಅದಕ್ಕೂ ಹೆಸರಿಲ್ಲೆ.

ಮತ್ತೆ ಮಾಣಿಯೇ ಹುಡುಕ್ಕಿ ಹುಡುಕ್ಕಿ ಹೇಳಿಗೊಂಡು ಹೋದ°. ನಾರ್ವೆ ಹೊಡೆಣ ಹಳೆ ಕತೆಗಳಲ್ಲಿ ಓಡಿನ್ ಹೇಳಿ ಒಬ್ಬ ದೇವರಡ. ಅವನ ಈಟಿ ಗುಂಗ್ನಿರ್, ಇಡ್ಕಿರೆ ಗುರಿ ತಪ್ಪುಲೆ ಇಲ್ಲೆ. ಐರ್ಲೆಂಡಿನ ಕತೆಲಿ ಕೂಹುಲಿನ್ ಹೇಳ್ತ ವೀರ°, ಅವನ ಈಟಿ ಗೇ ಬೊಲ್ಗ. ಮೈಯೊಳ ಹೊಕ್ಕಿದ ಮತ್ತೆ ಅದು ಮುಳ್ಳು ಮುಳ್ಳಾಗಿ ಬಿಡುಸಿಗೊಳ್ತಡ. ಆ ಈಟಿಲಿ ಅವ° ಒಟ್ಟಿಂಗೆ ಬೆಳದ ಗೆಳೆಯನ ಕೊಂದ°, ಹೆತ್ತ ಮಗನನ್ನೂ ಕೊಂದ°. ಇದರ ಕೇಳಿಯಪ್ಪಗ ಆನು ಕೊರಕ್ಕೊಂಡಿದ್ದ ಹರಿವೆಯ ಬದಿಗೆ ಮಡಗಿದೆ. "ನಮ್ಮಲ್ಲಿಯೂ ಇದ್ದು ಮಾಣಿ ಹೆಸರಿಪ್ಪ ಈಟಿ" ಹೇಳಿದೆ. ಅವಂಗೆ ಗೊಂತಿತ್ತಿಲ್ಲೆ. ಅವಂಗೆ ಹೇಳಿದ್ದರ ನಿಂಗೊಗೂ ಹೇಳ್ತೆ, ಅವಂಗೆ ಹೇಳದ್ದರನ್ನೂ ರಜ ಸೇರುಸುತ್ತೆ.

ಕರ್ಣನ ಕೈಲಿ ಇದ್ದದು ವಾಸವೀ ಶಕ್ತಿ. ವಾಸವ ಹೇಳಿರೆ ಇಂದ್ರ°. ಅವ° ಕೊಟ್ಟದು, ಹಾಂಗಾಗಿ ವಾಸವೀ. ಶಕ್ತಿ ಹೇಳಿರೆ ಬಿಲ್ಲಿಲಿ ಹೂಡುವ ಬಾಣ ಅಲ್ಲ, ಕೈಲಿ ಹಿಡುದು ಇಡ್ಕುವ ಈಟಿ. ನಮ್ಮ ಊರಿನವಕ್ಕೆ ಶಕ್ತಿ ಹೇಳಿಯಪ್ಪಗ ಸುರುವಿಂಗೆ ನೆಂಪಪ್ಪದು ಕುಕ್ಕೆ ಸುಬ್ರಹ್ಮಣ್ಯನದ್ದು. ತಾರಕಾಸುರನ ಕೊಂದಿಕ್ಕಿ ದೇವರು ಆ ಶಕ್ತಿಯ ತೊಳದ ಹೊಳೆಯೇ ಕುಮಾರಧಾರೆ ಹೇಳಿ ಹೆರಿಯೋರು ಹೇಳುದರ ಕೇಳಿದ್ದೆ. ಚಂಪಾಷಷ್ಠಿಗೆ ಹೋದವೆಲ್ಲ ಅದೇ ನೀರಿಲಿ ಮಿಂದು ಬತ್ತವು. ತಮಿಳಿನವು ಅದರ ವೇಲ್ ಹೇಳ್ತವು. ರಾಮಾಯಣಲ್ಲಿ ಲಕ್ಷ್ಮಣ° ಬಿದ್ದದುದೆ ರಾವಣನ ಶಕ್ತಿ ತಾಗಿ.

ಆಟಲ್ಲಿ ಕರ್ಣಪರ್ವ ನೋಡಿದ ಸುಮಾರು ಜೆನ ಇದರ ಸರ್ಪಾಸ್ತ್ರದೊಟ್ಟಿಂಗೆ ಬೆರುಸುತ್ತವು. ಅದು ಬೇರೆ, ಇದು ಬೇರೆ. ಸರ್ಪಾಸ್ತ್ರ ಅರ್ಜುನನ ಕಿರೀಟ ಹಾರಿಸಿದ್ದು ಯುದ್ಧದ ಹದಿನೇಳನೇ ದಿನ. ಶಕ್ತಿ ಅದಕ್ಕೆ ಮೂರು ದಿನ ಮೊದಲೇ ಕರ್ಣನ ಕೈ ಬಿಟ್ಟು ಹೋಗಿತ್ತು.

ಅದು ಅವಂಗೆ ಸಿಕ್ಕಿದ ಕತೆ ಎಲ್ಲೋರಿಂಗೂ ಗೊಂತಿದ್ದು, ಆದರೂ ಹೆಮ್ಮಕ್ಕಳ ಕಣ್ಣಿಲಿ ಒಂದರಿ ನೋಡಿ. ಕರ್ಣ° ಹುಟ್ಟುವಗಳೇ ಮೈಲಿ ಕವಚ, ಕೆಮಿಲಿ ಕುಂಡಲ. ಅದು ಇಪ್ಪಷ್ಟು ದಿನ ಅವನ ಆರಿಂಗೂ ಕೊಲ್ಲುಲೆ ಎಡಿಯ. ಇಂದ್ರಂಗೆ ಮಗ° ಅರ್ಜುನನ ಚಿಂತೆ, ಬ್ರಾಹ್ಮಣನ ವೇಷಲ್ಲಿ ಬೇಡ್ಲೆ ಬಂದ°. ಸೂರ್ಯಂಗೆ ಮಗ° ಕರ್ಣನ ಚಿಂತೆ, ಮೊದಲೇ ಕನಸಿಲಿ ಬಂದು ಕೊಡೆಡ ಹೇಳಿದ°. ಎರಡು ಅಪ್ಪಂದ್ರ ನಡುಕೆ ಸಿಕ್ಕಿದ ಕತೆ ಅದು. ಕೊಡದ್ದೆ ಇಪ್ಪಲೆ ಎನಗೆ ಎಡಿಯ ಹೇಳಿದ° ಕರ್ಣ°. ಹಾಂಗಾರೆ ಅದರ ಬದಲಿಂಗೆ ಶಕ್ತಿಯನ್ನಾದರೂ ಕೇಳು ಹೇಳಿ ದಾರಿ ತೋರ್ಸಿದ್ದು ಸೂರ್ಯನೇ. ಮೈಂದ ಕೊಯ್ದು ತೆಗದು ಕೊಟ್ಟ°, ಈಟಿ ತೆಕ್ಕೊಂಡ°. ದಾನ ಹೇಳಿ ಎಲ್ಲೋರು ಹೊಗಳುತ್ತವು. ಆದರೆ ಅವಂಗುದೆ ಬದುಕ್ಕೆಕ್ಕಾತನ್ನೆ? ಅದರ ತಪ್ಪು ಹೇಳ್ಲೆ ಎನಗೆ ಮನಸ್ಸು ಬತ್ತಿಲ್ಲೆ.

ಆ ಈಟಿಗೆ ಕರಾರು ಇತ್ತು. ಒಂದೇ ಸರ್ತಿ, ಒಬ್ಬನೇ ಶತ್ರು. ಅವನ ಕೊಂದಿಕ್ಕಿ ಅದು ಸೀದ ಇಂದ್ರನ ಕೈಗೆ ವಾಪಾಸು. ಬೇರೆ ಆಯುಧ ಕೈಲಿಪ್ಪಗ, ಪ್ರಾಣಕ್ಕೆ ಸಂಚಕಾರ ಇಲ್ಲದ್ದಿಪ್ಪಗ ಇಡ್ಕಿರೆ ಅದು ಇಡ್ಕಿದವನ ಮೇಲೆಯೇ ಬೀಳುಗು. ಕರ್ಣ° ಅದರ ಅರ್ಜುನಂಗೆ ಹೇಳಿಯೇ ವರ್ಷಗಟ್ಲೆ ಮಡಿಕ್ಕೊಂಡ°.

ಸಂಸ್ಕೃತ ಮೂಲವ ಕನ್ನಡಕ್ಕೆ ಮಾಡಿದ ಭಾರತ ದರ್ಶನದ ದಪ್ಪ ದಪ್ಪ ಪುಸ್ತಕಂಗೊ ಎಂಗಳ ಮನೆಲಿ ಇದ್ದು. ಮಾವ° ತಂದು ಮಡಗಿದ್ದು. ಪಿಯುಸಿ ವರೆಗೆ ಕಲ್ತ ಎನಗೆ ಅದರ ಓದುಲೆ ಧೈರ್ಯ ಬಂದದು ಮಕ್ಕೊ ಶಾಲೆಗೆ ಹೋಪಲೆ ಸುರು ಮಾಡಿದ ಮತ್ತೆ, ಮಧ್ಯಾಹ್ನದ ಹೊತ್ತಿಲಿ. ಅದರಲ್ಲಿ ಒಂದು ಸಂಗತಿ ಓದಿ ಆನು ಪುಸ್ತಕ ಮುಚ್ಚಿ ನೆಗೆ ಮಾಡಿದ್ದೆ. ಯುದ್ಧ ನಡವಗ ಪ್ರತಿ ಇರುಳು ದುರ್ಯೋಧನ, ದುಶ್ಶಾಸನ, ಶಕುನಿ ಎಲ್ಲ ಕೂದು ಕರ್ಣಂಗೆ ಹೇಳುಗಡ, ನಾಳೆ ಉದಿಯಪ್ಪಗಳೇ ಆ ಶಕ್ತಿಯ ಅರ್ಜುನನ ಮೇಲೆ ಇಡ್ಕಿಬಿಡು ಹೇಳಿ. ಕರ್ಣನೂ ಅಪ್ಪು ಹೇಳುಗು. ಉದಿಯಪ್ಪಗ ಎಲ್ಲೋರಿಂಗೂ ಮರದು ಹೋಕು! ದೈವ ಬುದ್ಧಿ ಕೆಡಿಸಿತ್ತು ಹೇಳ್ತ° ಸಂಜಯ°. ಕೃಷ್ಣ° ಆನೇ ಅವನ ಮರುಳು ಮಾಡಿಗೊಂಡಿದ್ದೆ ಹೇಳ್ತ°. ಎನಗೆ ಕಾಂಬದು, ಅಷ್ಟು ವರ್ಷ ಒಳ ಮಡಗಿದ್ದರ ಹೆರ ತೆಗವದು ಹೇಳಿರೆ ಕೈ ತನ್ನಷ್ಟಕ್ಕೇ ಹಿಂದೆ ಬತ್ತು. ಮದುವೆಲಿ ಕೊಟ್ಟ ಬೆಳ್ಳಿ ಬಟ್ಳಿಲಿ ಆರಿಂಗೆ ಬಳುಸಿದ್ದು ನಾವು? ನಾಳಂಗೆ ನಾಳಂಗೆ ಹೇಳಿಯೇ ಕಪ್ಪು ಹಿಡುದು ಕೂದಿದು.

ಹದಿನಾಲ್ಕನೇ ದಿನ ಜಯದ್ರಥ° ಸತ್ತ. ಕೌರವರಿಂಗೆ ಕೋಪ, ಕತ್ತಲಾದರೂ ಯುದ್ಧ ನಿಂದಿದಿಲ್ಲೆ. ರಥಕ್ಕೆ, ಆನೆಗೆ, ಕುದುರೆಗೆ ದೀಪ ಕಟ್ಟಿಗೊಂಡು ಇರುಳಿಡೀ ಕಾದಿದವು. ಇರುಳು ಹೇಳಿರೆ ರಾಕ್ಷಸರ ಬಲ ದೊಡ್ಡ ಆಗ್ತ ಹೊತ್ತು. ಕೃಷ್ಣ° ಘಟೋತ್ಕಚನ ದಿನಿಗೇಳಿ ಕರ್ಣನ ಎದುರು ಬಿಟ್ಟ°. ಆಕಾಶಂದ ಕಲ್ಲು, ಕಿಚ್ಚು, ಆಯುಧ ಎಲ್ಲ ಮಳೆಯ ಹಾಂಗೆ. ಕೌರವರ ಸೇನೆ ದಿಕ್ಕು ತಪ್ಪಿ ಓಡಿತ್ತು. ಎಲ್ಲೋರು ಕರ್ಣಂಗೆ ಬೊಬ್ಬೆ ಹಾಕಿದವು, ಈಗ ಇಡ್ಕು ಆ ಶಕ್ತಿಯ, ಈ ಇರುಳು ಕಳುದು ಒಳುದರೆ ಅಲ್ಲದೋ ಅರ್ಜುನನ ಕೊಲ್ಲುದು ಹೇಳಿ. ಕರ್ಣ° ಇಡ್ಕಿದ°. ಶಕ್ತಿ ಘಟೋತ್ಕಚನ ಎದೆ ಒಡದು ನಕ್ಷತ್ರಂಗಳ ಹೊಡೆಂಗೆ ಹೋತು. ಬೀಳುವಗಳೂ ಆ ಮಾಣಿ ಮೈಯ ದೊಡ್ಡ ಮಾಡಿಗೊಂಡು ಕೌರವರ ಸೇನೆಯ ಮೇಲೆಯೇ ಬಿದ್ದು, ಒಂದು ಅಕ್ಷೌಹಿಣಿಯ ಅಡಿಲಿ ಹಾಕಿ ಸತ್ತ°.

ಕರ್ಣ° ಮೂರ್ಖ°, ಅರ್ಜುನಂಗೆ ಹೇಳಿ ಮಡಗಿದ ಆಯುಧವ ರಾಕ್ಷಸನ ಮೇಲೆ ಹಾಳು ಮಾಡಿದ° ಹೇಳಿ ಸುಮಾರು ಜೆನ ಹೇಳುದರ ಕೇಳಿದ್ದೆ. ಜೆಂಬರಲ್ಲಿ ಎಲೆ ತಿಂದುಗೊಂಡು ಕೂದಲ್ಲಿ ಇದೊಂದು ಚರ್ಚೆ ಯೇವಗಳೂ ಇದ್ದು. ಎನಗೆ ಅದು ತಡೆಯ.

2019ರ ಆಗಸ್ಟಿನ ಮಳೆ ಚಾರ್ಮಾಡಿಯವಕ್ಕೆ ಮರವಲೆ ಎಡಿಗೋ? ಮೃತ್ಯುಂಜಯ ಹೊಳೆ ಹೇಳಿರೆ ಬೇಸಗೆಲಿ ಮಕ್ಕೊ ದಾಂಟುವ ಹೊಳೆ. ಆ ದಿನ ಘಾಟಿಲಿ ಗುಡ್ಡೆ ಜರುದು, ಮರ ಸಹಿತ ಮಣ್ಣು ನೀರಾಗಿ ಬಂತು. ಶಬ್ದ ಕೇಳಿ ಎಂಗೊ ಅತ್ತೆಯೋರ ಕೈಹಿಡುದು ಮೇಲಾಣ ಮನೆಗೆ ಹತ್ತಿದೆಯೊ°. ದನಗಳ ಹಗ್ಗ ಬಿಚ್ಚಿ ಬಿಟ್ಟಿಕ್ಕಿ ಬಂದವು ಇವು. ಮರುದಿನ ಬೆಳ್ಳ ಇಳುದ ಮತ್ತೆ ನೋಡಿರೆ ತೋಟಲ್ಲಿ ಸೊಂಟದುದ್ದಕ್ಕೆ ಹೊಯಿಗೆ. ಅಡಕ್ಕೆ ಮರ ನಿಂದಿತ್ತು, ಆದರೆ ಹೊಯಿಗೆ ತೆಗೆಯದ್ದರೆ ಬೇರಿಂಗೆ ಉಸಿರಿಲ್ಲೆ. ಕೆಲವು ಸಮಯಲ್ಲಿ ಸೋಗೆ ಅರಶಿನ ಆಗಿ ಮರವೇ ಹೋವ್ತು. ಹೊಸ ಸೆಸಿ ನೆಟ್ಟರೆ ಫಸಲಿಂಗೆ ಐದಾರು ವರ್ಷ ಕಾಯೆಕ್ಕು. ಹೊಯಿಗೆ ತೆಗೆಸುಲೆ ಯಂತ್ರ ಬೇಕು, ಯಂತ್ರಕ್ಕೆ ಗಂಟೆಗೆ ಇಷ್ಟು ಹೇಳಿ ಪೈಸೆ ಬೇಕು, ಅದೂ ಈಗಳೇ ಬೇಕು.

ಕಪಾಟಿಲಿ ಮಗಳ ಮದುವೆಗೆ ಹೇಳಿ ಮಡಗಿದ ಚಿನ್ನ ಇತ್ತು. ಎನ್ನ ಅಬ್ಬೆ ಕೊಟ್ಟ ಕೆಂಪಿನ ಬೆಂಡೋಲೆ, ಒಂದು ಅವಲಕ್ಕಿ ಸರ, ನಾಲ್ಕು ಬಳೆ. ಹತ್ತು ವರ್ಷಂದ ಅದರ ಮುಟ್ಟಿತ್ತಿಲ್ಲೆ. ಅತ್ತೆಯೋರ ಆಸ್ಪತ್ರೆ ಖರ್ಚಿಂಗೂ ಮುಟ್ಟಿತ್ತಿಲ್ಲೆ, ಮಗನ ಫೀಸಿಂಗೂ ಮುಟ್ಟಿತ್ತಿಲ್ಲೆ. ಇವು ಹೇಳಿದವು, "ಇದು ಕೂಸಿಂಗೆ ಹೇಳಿ ಮಡಗಿದ್ದಲ್ಲದೋ?" ಆನು ಹೇಳಿದೆ, "ತೋಟ ಹೋದರೆ ಕೂಸಿನ ಮದುವೆ ಎಲ್ಲಿ ಮಾಡುದು, ಹೊಯಿಗೆ ಮೇಲೆಯೋ?" ಘಾಟಿ ಮಾರ್ಗ ಬಂದ್, ಕರೆಂಟಿಲ್ಲೆ, ಹೀಂಗಿಪ್ಪ ಹೊತ್ತಿಲಿ ಆನು ಅದರ ಸೀರೆ ತುಂಡಿಲಿ ಕಟ್ಟಿ ಇವರ ಕೈಲಿ ಕೊಟ್ಟೆ. ಅಡವು ಅಲ್ಲ, ಮಾರಿದ್ದೇ. ಅರ್ಧ ತೋಟ ಒಳುದತ್ತು. ಮಗಳು ಫೋನಿಲಿ ಹೇಳಿತ್ತು, "ಕೆಮಿ ಒಳುದ್ದನ್ನೆ ಅಬ್ಬೆ, ಸಾಕು" ಹೇಳಿ. 2022ರಲ್ಲಿ ಅದರ ಮದುವೆ ಇದ್ದದರಲ್ಲಿ ಚೆಂದಕ್ಕೇ ಕಳುದತ್ತು. ಅಳಿಯನ ಮನೆಯವು ಒಳ್ಳೆಯವು, ಕೆಮಿ ನೋಡಿದ್ದವಿಲ್ಲೆ.

ಹಾಂಗಾಗಿ ಕರ್ಣ° ಮಾಡಿದ್ದು ಸರಿ ಹ

ೇಳುವವರ ಪೈಕಿ ಆನು. ಒಳ ಮಡಗಿದ್ದು ಆರಿಂಗೆ ಹೇಳಿ ನಾವು ಮಡಗುದು, ಆದರೆ ಬಾಗಿಲು ತಟ್ಟುವವ° ಬೇರೆ ಆರಾದರೂ ಆಗಿಕ್ಕು.

ಆದರೆ ಈ ಕತೆಲಿ ಎನಗೆ ನುಂಗುಲೆ ಎಡಿಯದ್ದು ಶಕ್ತಿ ಹೋದ್ದಲ್ಲ. ಅದರ ಮತ್ತೆ ಆದ್ದು.

ಘಟೋತ್ಕಚ° ಬಿದ್ದಪ್ಪಗ ಪಾಂಡವರೆಲ್ಲ ಕೂಗಿದವು. ಕೃಷ್ಣ° ಒಬ್ಬ° ಕೊಣುದ°. ಅರ್ಜುನನ ಅಪ್ಪಿಗೊಂಡು, ಬೊಬ್ಬೆ ಹಾಕಿ, ರಥದ ಮೇಲೆ ಕೊಣುದ°. ಅರ್ಜುನಂಗೆ ಪಿಸುರು ಬಂತು, ಇದೆಂತ ಹೊತ್ತು ಸಂತೋಷ ಪಡ್ಲೆ ಹೇಳಿ ಕೇಳಿದ°. ಕರ್ಣನ ಕೈ ಖಾಲಿ ಆತು, ಇನ್ನು ನೀನು ಬದುಕ್ಕಿದೆ ಹೇಳಿದ° ಕೃಷ್ಣ°. ಅಷ್ಟಕ್ಕೆ ನಿಲ್ಲುಸಿದ್ದರೆ ಸಮ. ಕರ್ಣ° ಕೊಲ್ಲದ್ದರೆ ಮುಂದೆ ಆನೇ ಅವನ ಕೊಲ್ಲೆಕ್ಕಾವ್ತಿತ್ತು, ಅವ° ಯಜ್ಞಕ್ಕೆ ವಿರೋಧಿ ಹೇಳಿಯೂ ಸೇರ್ಸಿದ°. ದೇವರು ಹೇಳಿದ್ದು, ಆನು ಎಂತ ಹೇಳುದು. ಆದರೆ ಆ ಪುಟ ಓದಿದ ದಿನ ಹೊತ್ತೋಪಗ ದೀಪ ಹೊತ್ತುಸುವಗ ಮನಸ್ಸು ರಜ ಬೇರೆಯೇ ಇತ್ತು.

ಎಂತಕೆ ಹೇಳಿರೆ, ಆ ಮಾಣಿ ಆರಿಂಗೆ ಎಂತ ಆಯೆಕ್ಕು ಹೇಳಿ ಲೆಕ್ಕ ಹಾಕಿ. ಭೀಮನ ಮಗ°. ಧರ್ಮರಾಯಂಗೆ ತಮ್ಮನ ಮಗ°. ಕುಂತಿಗೆ ಪುಳ್ಳಿ, ಅದೂ ಹೆರಿ ಪುಳ್ಳಿ. ಹುಟ್ಟಿದ ಮತ್ತೆ ಕುಂತಿಯೇ ಅವಂಗೆ ಹೇಳಿತ್ತಡ, ಪಾಂಡವರ ಮಕ್ಕಳಲ್ಲಿ ನೀನೇ ಹೆರಿಯವ°, ಇವಕ್ಕೆ ಸಹಾಯ ಆಯೆಕ್ಕು ಹೇಳಿ. ನೆಂಪು ಮಾಡಿಯಪ್ಪಗ ಬತ್ತೆ ಹೇಳಿ ಅವ° ಅಬ್ಬೆಯೊಟ್ಟಿಂಗೆ ಕಾಡಿಂಗೆ ಹೋದ°. ಇನ್ನು ಕರ್ಣಂಗೆ? ಕರ್ಣ° ಕುಂತಿಯ ಹೆರಿ ಮಗ°, ಹಾಂಗಾಗಿ ಘಟೋತ್ಕಚಂಗೆ ದೊಡ್ಡಪ್ಪ°. ಈ ಸಂಗತಿ ಕರ್ಣಂಗೆ ಗೊಂತಿತ್ತು, ಯುದ್ಧಕ್ಕೆ ಮೊದಲೇ ಕೃಷ್ಣನೂ ಹೇಳಿದ್ದ°, ಕುಂತಿಯೂ ಹೇಳಿದ್ದು. ದೊಡ್ಡಪ್ಪನ ಶಕ್ತಿ ತಾಗಿ ತಮ್ಮನ ಮಗ° ಸತ್ತದು ಅದು. ಆ ಐರ್ಲೆಂಡಿನ ಈಟಿಗೂ ನಮ್ಮ ಈಟಿಗೂ ಅಷ್ಟೇನೂ ದೂರ ಇಲ್ಲೆ.

ಕುಂತಿ ಕರ್ಣನ ಹತ್ತರೆ ಹೋಗಿ ಮಕ್ಕಳ ಜೀವ ಬೇಡಿತ್ತಲ್ಲದೋ. ಅರ್ಜುನನ ಬಿಟ್ಟು ಬಾಕಿ ನಾಲ್ಕು ಜೆನರ ಕೊಲ್ಲೆ, ನಿನಗೆ ಯೇವಗಳೂ ಐದು ಮಕ್ಕೊ ಒಳಿಗು ಹೇಳಿ ಭಾಷೆ ಕೊಟ್ಟ° ಕರ್ಣ°. ಎಷ್ಟು ಸರ್ತಿ ಈ ಭಾಗ ಆಟಲ್ಲಿ ನೋಡಿ ಕಣ್ಣೀರು ಹಾಕಿದ್ದೆ! ಅಭಿಮನ್ಯು, ಘಟೋತ್ಕಚ, ದ್ರೌಪದಿಯ ಐದು ಮಕ್ಕೊ, ಇವರ ಹೆಸರು ಆ ಭಾಷೆಲಿ ಇಲ್ಲೆ. ಮಕ್ಕಳ ಲೆಕ್ಕ ಸರಿ ಬಂತು ಕುಂತಿಗೆ. ಪುಳ್ಳಿಯಕ್ಕಳ ಲೆಕ್ಕ ಕೇಳಿದ್ದೇ ಇಲ್ಲೆ.

ಇನ್ನೊಂದು ಸಂಗತಿ ಆದಿಪರ್ವಲ್ಲೇ ಬತ್ತು, ಆರೂ ಅಷ್ಟಾಗಿ ಹೇಳುಲಿಲ್ಲೆ. ಕರ್ಣನ ಆ ಶಕ್ತಿಗೆ ಎದುರಾಗಿ ನಿಂಬಲೆ ಹೇಳಿಯೇ ಇಂದ್ರ° ಘಟೋತ್ಕಚನ ಹುಟ್ಟುಸಿದ್ದಡ. ಹೇಳಿರೆ ಈಟಿ ಕೊಟ್ಟವನೂ ಅವನೇ, ಅದರ ಖಾಲಿ ಮಾಡ್ಲೆ ಬೇಕಾದ ಎದೆಯ ತಯಾರು ಮಾಡಿದವನೂ ಅವನೇ. ಹಿಡಿಂಬೆಯ ಆರೂ ಕೇಳಿದ್ದವಿಲ್ಲೆ.

ಹಿಡಿಂಬೆಗೆ ಮೊದಲಿಂದಲೂ ಕರಾರಿನ ಬದುಕೇ. ಹಗಲು ಭೀಮನ ಕರಕ್ಕೊಂಡು ಹೋಪಲಕ್ಕು, ಕತ್ತಲಪ್ಪಗ ತಂದು ಬಿಡೆಕ್ಕು ಹೇಳಿ ಧರ್ಮರಾಯ°. ಮಗ° ಹುಟ್ಟುವನ್ನಾರ ಮಾಂತ್ರ ಹೇಳಿ ಭೀಮ°. ಮಗ° ಹುಟ್ಟಿದ°, ತಲೆಲಿ ಕೂದಲಿಲ್ಲದ್ದೆ ಕೊಡಪಾನದ ಹಾಂಗೆ ಇತ್ತು ಹೇಳಿ ಘಟೋತ್ಕಚ ಹೇಳಿ ಹೆಸರಾತು. ಗೆಂಡ° ಹೋದ°. ಅದು ಮಗನ ಒಬ್ಬನೇ ಸಾಂಕಿತ್ತು. ಮನಾಲಿಲಿ ಹಿಡಿಂಬೆಗೊಂದು ಮರದ ದೇವಸ್ಥಾನ ಇದ್ದು, 1553ರಲ್ಲಿ ಕಟ್ಟಿದ್ದು, ಅಲ್ಲಿ ಅದು ದೇವಿ. ನಮ್ಮ ಚಿತ್ರದುರ್ಗದ ಕೋಟೆಲಿಪ್ಪದು ಹಿಡಿಂಬೇಶ್ವರ, ಅದು ಅಣ್ಣ ಹಿಡಿಂಬನ ಹೆಸರಿಲಿ. ನಮ್ಮ ತೆಂಕುತಿಟ್ಟಿನ ಆಟಲ್ಲಿ ಹಿಡಿಂಬೆ ಹೇಳಿರೆ ಹೆಣ್ಣುಬಣ್ಣ, ಮಕ್ಕೊ ಹೆದರುವ ವೇಷ. ಆನು ನೋಡಿದ ಯೇವ ಆಟಲ್ಲಿಯೂ ಮಗ° ಸತ್ತ ಸುದ್ದಿ ಕಾಡಿಂಗೆ ಮುಟ್ಟಿದ್ದರ ತೋರ್ಸಿದ್ದವಿಲ್ಲೆ. 1988ರಿಂದ 90ರ ವರೆಗೆ ಆದಿತ್ಯವಾರ ಉದಿಯಪ್ಪಗ ದೂರದರ್ಶನಲ್ಲಿ ಮಹಾಭಾರತ ಬಪ್ಪಗ ಎನಗೆ ಹದಿನೆಂಟು ವರ್ಷ, ಮದುವೆ ಆಗಿತ್ತಿಲ್ಲೆ. ಘಟೋತ್ಕಚ° ಬೀಳುವಗ ಎಂಗೊ ಎಲ್ಲ, ಅಬ್ಬ, ಅರ್ಜುನ° ಒಳುದ° ಹೇಳಿದ ನೆಂಪು. ಆ ಪ್ರಾಯಲ್ಲಿ ಅರ್ಜುನನೇ ಕಾಂಬದು.

ಆ 2019ರ ಬೆಳ್ಳದ ಸಮಯ ಎನ್ನ ಮಗ° ಮೈಸೂರಿಲಿ ಕೆಲಸಲ್ಲಿ ಇತ್ತಿದ್ದ°. ಇಪ್ಪತ್ತೈದು ವರ್ಷ. ಅದೇ ಸಮಯಕ್ಕೆ ಕನ್ನಡಲ್ಲಿ ಕುರುಕ್ಷೇತ್ರ ಸಿನೆಮ ಬಂದಿತ್ತು, ಗೆಳೆಯರೊಟ್ಟಿಂಗೆ ಹೋಪಲೆ ಟಿಕೇಟು ಮಾಡಿತ್ತಿದ್ದನಡ. ಎಂಗಳ ಫೋನು ಸಿಕ್ಕದ್ದೆ, ಟಿವಿಲಿ ಚಾರ್ಮಾಡಿ ನೋಡಿ ಹೆರಟ°. ಯೇವ ಯೇವ ಮಾರ್ಗಲ್ಲಿ ತಿರುಗಿ ಬಂದನೋ, ಮನೆಗೆ ಮುಟ್ಟುಲೆ ಎರಡು ದಿನ ಬೇಕಾತು. ತೋಡಿನ ಸಂಕ ಹೋಗಿತ್ತು. ಮೇಲಾಣ ಮನೆಲಿದ್ದ ಅಜ್ಜಿಯ ಬೆನ್ನಿಲಿ ಹೊತ್ತು ತೋಡು ದಾಂಟಿಸಿದ°. ಅದರ ನೋಡುವಗಳೇ ಎನಗೆ ನೆಂಪಾದ್ದು, ವನವಾಸಲ್ಲಿ ನಡವಲೆ ಎಡಿಯದ್ದೆ ಕೂದ ದ್ರೌಪದಿಯ ಹೊತ್ತೊಂಡು ಹೋದ್ದು ಘಟೋತ್ಕಚನೇ. ಅವ° ಸತ್ತಪ್ಪಗ ಧರ್ಮರಾಯ° ಅದನ್ನೇ ಹೇಳಿ ಹೇಳಿ ಕೂಗಿದ್ದು.

ಒಂದು ವಾರಕ್ಕೆ ಹೇಳಿ ಬಂದವ° ಒಂದು ತಿಂಗಳು ನಿಂದ°. ಮತ್ತೆ ಒಂದು ದಿನ, ಆನು ಹೋವ್ತಿಲ್ಲೆ ಹೇಳಿದ°. ಆರೂ ಒತ್ತಾಯ ಮಾಡಿದ್ದಿಲ್ಲೆ. ಇವಕ್ಕೆ ಬೆನ್ನುಬೇನೆ, ಹೊಸ ಸೆಸಿ ನೆಡೆಕ್ಕು, ಇನ್ನೊಬ್ಬ° ಬೇಕು ಹೇಳಿ ಅವಂಗೇ ಕಂಡತ್ತು. ಈಗ ಅವ° ನೆಟ್ಟ ಸೆಸಿಲಿ ಸಿಂಗಾರ ಬಿಡ್ಲೆ ಸುರುವಾಯಿದು. ನೆರೆಕರೆಲಿ ಆರ ಮನೆಲಿ ಜೆಂಬರ ಆದರೂ ಅಟ್ಟುಂಬೊಳ ಇವನೇ, ಪಂಪು ಹಾಳಾದರೆ ಇವನೇ, ಆನೆ ಬಂತು ಹೇಳಿರೆ ಗರ್ನಾಲು ಹಿಡ್ಕೊಂಡು ಓಡ್ಲೆ ಇವನೇ. ಅತ್ತಿಗೆಯ ಮಗನ ಮದುವೆಲಿ ಮೂರು ದಿನ ಒರಗದ್ದೆ ಓಡಾಡಿದ°. ಕನಕಾಂಗಿ ಕಲ್ಯಾಣ ಪ್ರಸಂಗಲ್ಲಿ ಅಭಿಮನ್ಯುವಿಂಗೆ ಮದುವೆ ಮಾಡ್ಸಿಕೊಡುದು ಘಟೋತ್ಕಚ° ಅಲ್ಲದೋ, ಹಾಂಗೆ.

ಅವಂಗೆ ಈಗ ಮೂವತ್ತೊಂದು. ಕೂಸು ಕೇಳ್ಲೆ ಹೋದಲ್ಲೆಲ್ಲ ಒಂದೇ ಪ್ರಶ್ನೆ, "ಮಾಣಿ ಮನೆಲಿಯೋ?" ಜಾತಕ ಕೂಡಿ ಬಂದರೂ ಮಾತು ಅಲ್ಲಿಗೆ ನಿಲ್ಲುತ್ತು. ಇದು ಎಂಗಳ ಮನೆಯ ಕತೆ ಮಾಂತ್ರ ಅಲ್ಲ, ಓದುವ ನಿಂಗೊಗೂ ಗೊಂತಿದ್ದು, ಮನೆ ಮನೆಲಿ ಇಪ್ಪದೇ. ಕೂಸುಗಳ ದೂರುಲೂ ಆವ್ತಿಲ್ಲೆ, ಎನ್ನ ಮಗಳನ್ನೂ ಆನು ಬೆಂಗ್ಳೂರಿಂಗೇ ಕೊಟ್ಟದನ್ನೆ. ಭಾರತದ ಘಟೋತ್ಕಚಂಗೆ ಮದುವೆ ಆಗಿತ್ತು, ಅಂಜನಪರ್ವ ಹೇಳ್ತ ಮಗನೂ ಇತ್ತಿದ್ದ°, ಅಷ್ಟರಮಟ್ಟಿಂಗೆ ಹಿಡಿಂಬೆ ಪುಣ್ಯವಂತೆ ಹೇಳಿ ಒಂದರಿ ಗ್ರೇಶಿದೆ. ಮತ್ತೆ ನೆಂಪಾತು, ಆ ಪುಳ್ಳಿಯೂ ಅದೇ ಇರುಳು ಅಶ್ವತ್ಥಾಮನ ಕೈಲಿ ಸತ್ತದು.

ಮಾರಿದ ಚಿನ್ನವ ಮನಸ್ಸು ಮಾಡಿರೆ ಪುನಾ ತೆಗವಲಕ್ಕು. ಅಡಕ್ಕೆಗೆ ಕ್ರಯ ಬಂದ ವರ್ಷ ಇವು ಎನಗೆ ಒಂದು ಜೊತೆ ಬೆಂಡೋಲೆ ತಂದೂ ಕೊಟ್ಟವು, ಅಬ್ಬೆಯದ್ದರಷ್ಟು ಕೆಂಪಿಲ್ಲೆ, ಆದರೂ ಇದ್ದು. ಮಗನ ಆರು ವರ್ಷ ಯೇವ ಅಂಗಡಿಲಿ ಸಿಕ್ಕುತ್ತು? ಅವ° ಬೇಜಾರಲ್ಲಿ ಇದ್ದ° ಹೇಳಿ ಅಲ್ಲ. ನೆಗೆ ಮಾಡಿಗೊಂಡೇ ಇದ್ದ°. ಊರಿನವೆಲ್ಲ ಹೊಗಳುವಗ ಎನಗೆ ಮಾಂತ್ರ ರಥದ ಮೇಲೆ ಕೊಣಿವ ಕೃಷ್ಣ° ನೆಂಪಾವ್ತ°.

ಕಳುದ ಕಾರ್ತಿಕಲ್ಲಿ ನೆರೆಕರೆಯ ಒಂದು ಮನೆಲಿ ಪೂಜೆ ಕಳುದು ಇರುಳು ತಾಳಮದ್ದಳೆ ಮಡಗಿತ್ತಿದ್ದವು. ಪ್ರಸಂಗ ಘಟೋತ್ಕಚ ವಧೆ. ಅರ್ಥ ಹೇಳ್ಲೆ ಬರೆಕ್ಕಾದ ಒಬ್ಬಂಗೆ ಜ್ವರ, ಹಾಂಗೆ ಘಟೋತ್ಕಚನ ಎನ್ನ ಮಗಂಗೆ ಹೇಳಿದವು. ಅವ° ಸಣ್ಣಾದಿಪ್ಪಗಳೇ ಅರ್ಥ ಹೇಳುಗು, ಆದರೆ ಇತ್ತೀಚೆಗೆ ಬಿಟ್ಟಿತ್ತಿದ್ದ°. ಕೃಷ್ಣನ ಅರ್ಥ ಹೇಳಿದ್ದು ಪ್ರಾಯದ ಒಬ್ಬ ಮಾವ°, ಅನುಭವಸ್ಥರು. ಎಂಗೊ ಹೆಮ್ಮಕ್ಕೊ ಒಳ ಬಟ್ಳು ಒರಸಿಗೊಂಡು ಕಿಟಿಕಿಲಿ ಕೇಳಿಗೊಂಡಿದ್ದೆಯೊ°.

ಕೃಷ್ಣ° ಘಟೋತ್ಕಚನ ಹೊಗಳಿ, ಬೆನ್ನು ತಟ್ಟಿ, ಕರ್ಣನ ಎದುರು ಹೋಗು ಹೇಳಿ ಆತು. ಎನ್ನ ಮಗ° ರಜ ಹೊತ್ತು ಮಾತಾಡಿದ್ದನಿಲ್ಲೆ. ಮತ್ತೆ ಹೇಳಿದ°, "ಹೋಗುತ್ತೇನೆ ಸ್ವಾಮೀ. ಕಾಡಿನಲ್ಲಿ ನನ್ನ ತಾಯಿ ಒಬ್ಬಳೇ ಇದ್ದಾಳೆ. ಅವಳಿಗೊಂದು ಮಾತು ಹೇಳಿ ಬರಲೇ?"

ಇದು ಪ್ರಸಂಗಲ್ಲಿ ಇಲ್ಲೆ. ಭಾರತಲ್ಲಿ ಅವ° ಸುರುವಿಂದಲೇ ಯುದ್ಧಲ್ಲಿ ಇತ್ತಿದ್ದ°, ಕಾಡಿಂಗೆ ಹೋಪ ಮಾತೇ ಇಲ್ಲೆ. ಮಾವ° ಮಾಂತ್ರ ಬಿಡ್ಲಿಲ್ಲೆ, ಪಳಗಿದ ಜೆನ ಅಲ್ಲದೋ. "ಸಮಯವಿಲ್ಲ ಮಗೂ. ನಿನ್ನ ತಾಯಿಗೆ ಸುದ್ದಿ ನಾವು ಮುಟ್ಟಿಸುತ್ತೇವೆ, ನೀನು ಹೊರಡು" ಹೇಳಿದವು.

"ನೀವು ಮುಟ್ಟಿಸುವ ಸುದ್ದಿ ಯಾವುದಾಗಿರುತ್ತದೆ, ಸ್ವಾಮೀ?"

ಸಭೆಲಿ ಒಂದು ಕೆಮ್ಮೂ ಇಲ್ಲೆ. ಎನ್ನ ಹತ್ತರೆ ಕೂದ ಅಕ್ಕ° ಬಟ್ಳು ಒರಸುದರ ನಿಲ್ಲುಸಿತ್ತು. ಮಾವ° ಬಾಯಿ ತೆಗದವು, ಮುಚ್ಚಿದವು. ಭಾಗವತರೇ ಜಾಗಟೆ ಎತ್ತಿ ಮುಂದಾಣ ಪದ ಸುರು ಮಾಡಿದವು.

ಎಲ್ಲ ಮುಗುದು ಉಂಬಲೆ ಕೂದಪ್ಪಗ ಆ ಮಾವ° ಎನ್ನ ನೋಡಿ, "ನಿನ್ನ ಮಗ° ಇಂದು ಎನ್ನ ಕಟ್ಟಿ ಹಾಕಿದನ್ನೆ" ಹೇಳಿದವು. ಆನು ಅವಕ್ಕೆ ಇನ್ನೊಂದು ಸೌಟು ಪಾಯಸ ಬಳುಸಿದೆ.

ಮನೆಗೆ ಬಪ್ಪಗ ಹನ್ನೆರಡು ಕಳುದ್ದು. ಇವು ಹಿಂದೆ, ಮಗ° ಟಾರ್ಚು ಹಿಡ್ಕೊಂಡು ಮುಂದೆ, ಆನು ನಡುಕೆ. "ಆ ಮಾತಿನ ಎಲ್ಲಿ ಕಲ್ತೆ ಮಗಾ?" ಕೇಳಿದೆ.

"ಕಲ್ತದಲ್ಲ ಅಬ್ಬೆ" ಹೇಳಿದ°. ಟಾರ್ಚಿನ ಹಿಂದೆ ತಿರುಗಿಸಿ ಎನ್ನ ಕಾಲ ಹತ್ತರೆ ಹಿಡುದ°. "ಹೆಜ್ಜೆ ನೋಡಿ ಮಡುಗು, ಇಲ್ಲಿ ಜಾರ್ತು."